ಸೋಮವಾರದ ಹಿಟ್ಟು

ನನಗೆ ಸಿಟ್ಟು ಬೇಗ ಬರುತ್ತದೆ. ಬೈಲಹೊಂಗಲದ ನಮ್ಮ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಸಣ್ಣವಳಿದ್ದಾಗ ನಮ್ಮವ್ವ ಬಂದವರ ಮುಂದೆಲ್ಲ, ಈಕೆಗೆ ಮೂಗಿನ ತುದಿಯಲ್ಲೇ ಸಿಟ್ಟು, ಕೊಟ್ಟ ಮನೆಯಲ್ಲಿ ಹೇಗೆ ಬಾಳುತ್ತಾಳೋ ಎಂದು ತನ್ನ ಚಿಂತೆ ತೋಡಿಕೊಳ್ಳುತ್ತಿದ್ದಳು. ಕೊಟ್ಟ ಮನೆಯವರಿಗೆ ಕಷ್ಟವಾಗಿರಬಹುದು, ನನಗೇನೂ ಆಗಲಿಲ್ಲ. ಆ ಸಿಟ್ಟಿಗೆ ಸಂಬಳ ಕೊಟ್ಟು ಸಾಕಿದ್ದು ರೇಡಿಯೋ. ಉಳಿದವರು ಸಿಟ್ಟು ಬಂದರೆ ಪಾತ್ರೆ ಕುಕ್ಕುತ್ತಾರೆ, ನಾನು ಹೆಗಲಿಗೆ ರೆಕಾರ್ಡರ್ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗುತ್ತೇನೆ.

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲೂಕುಗಳು ನನ್ನ ಪಾಲಿಗೆ ಬಂದ ಹೊಲ. ವಾರಕ್ಕೊಮ್ಮೆ, ಮಧ್ಯಾಹ್ನದ ಊಟದ ಹೊತ್ತಿಗೆ ನನ್ನ ಕಾರ್ಯಕ್ರಮ. ಎಲ್ಲಿ ಯಾರಿಗೆ ಅನ್ಯಾಯವಾಗಿದೆಯೋ ಅಲ್ಲಿಗೆ ಹೋಗುವುದು, ನಿಜವೋ ಸುಳ್ಳೋ ಕೆದಕುವುದು, ಜನರ ಬಾಯಿಂದಲೇ ಹೇಳಿಸುವುದು. ಕೇರಿಯವರು ಹೆಣ ಹೊತ್ತು ಹೋಗುವ ದಾರಿಗೆ ಬೇಲಿ ಬಡಿದವರನ್ನು ಮಾತನಾಡಿಸಿದ್ದೇನೆ. ಕೂಲಿಯವರಿಗೆ ನೀರನ್ನು ಎತ್ತರದಿಂದ ಬೊಗಸೆಗೆ ಸುರಿಯುವ ದೊಡ್ಡ ಮನುಷ್ಯರನ್ನೂ ಮಾತನಾಡಿಸಿದ್ದೇನೆ. ಬೇಲಿ ಹೋಗಿದೆ. ನೀರಿನ ತಂಬಿಗೆ ಕೈಗೆ ಬಂದಿದೆ. ಎಲ್ಲ ಕಡೆ ಗೆದ್ದೆನೆಂದು ಹೇಳುವುದಿಲ್ಲ, ಆದರೆ ಗೆದ್ದದ್ದನ್ನು ಮುಚ್ಚಿಟ್ಟು ವಿನಯ ತೋರಿಸುವ ಜಾಯಮಾನವೂ ನನ್ನದಲ್ಲ.

ಇನ್ನೂ ರೇಡಿಯೋ ಇದೆಯೇ ಎಂದು ಮದುವೆ ಮನೆಗಳಲ್ಲಿ ನೆಂಟರು ನನ್ನನ್ನು ಕಾಡಿಸುತ್ತಾರೆ. ಇದೆ. ಟ್ರ್ಯಾಕ್ಟರಿನಲ್ಲಿದೆ, ಚಹಾದ ಅಂಗಡಿಯಲ್ಲಿದೆ, ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ನಡುವೆ ಯಾರದೋ ಮೊಬೈಲಿನಲ್ಲಿದೆ. ಕ್ಯಾಮೆರಾ ಕಂಡರೆ ಜನ ಅಂಗಿಯ ಗುಂಡಿ ಹಾಕಿಕೊಂಡು ಸುಳ್ಳು ಹೇಳಲು ತಯಾರಾಗುತ್ತಾರೆ. ಕೈಯಲ್ಲಿ ಹಿಡಿದ ಸಣ್ಣ ಮೈಕನ್ನು ಚಹಾ ಮುಗಿಯುವುದರೊಳಗೆ ಮರೆತುಬಿಡುತ್ತಾರೆ. ಮರೆತ ಮೇಲೆ ಆಡುವ ಮಾತೇ ನನ್ನ ಅನ್ನ.

ಇಷ್ಟು ವರ್ಷಗಳಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ತನಿಖೆ ಯಾವುದು ಎಂದು ಕೇಳಿದರೆ ನಾನು ರೊಟ್ಟಿಯದೆಂದು ಹೇಳುತ್ತೇನೆ. ಕೇಳಿದವರು ನಗುತ್ತಾರೆ. ನಗಲಿ.

ಅದು ಶುರುವಾದದ್ದು ಒಂದು ಬೈಗುಳದಿಂದ. ಕೇಳುಗರ ಫೋನಿಗೆ ಒಬ್ಬ ಹೆಂಗಸು ಕರೆ ಮಾಡಿದಳು. ಹಿಂದಿನ ದಿನ ನಮ್ಮ ರೇಡಿಯೋದಲ್ಲಿ ಯಾರೋ ಆರೋಗ್ಯದವರು ಬಂದು ಹೆಣ್ಣುಮಕ್ಕಳು ಕಾಳು ಹಸನು ಮಾಡಿ ಅಡುಗೆ ಮಾಡಬೇಕು ಎಂದು ಉಪದೇಶ ಮಾಡಿದ್ದರಂತೆ. ತಾನು ಹಸನು ಮಾಡಿದಷ್ಟು ಈ ಜಿಲ್ಲೆಯಲ್ಲಿ ಯಾರೂ ಮಾಡುವುದಿಲ್ಲ, ಆದರೂ ರೊಟ್ಟಿಯಲ್ಲಿ ಉಸುಕು ಬರುತ್ತದೆ, ಉಪದೇಶ ಮಾಡಿದವರೇ ಬಂದು ನೋಡಿ ಹೇಳಲಿ ಎಂದು ಆಕೆಯ ಸವಾಲು. ಫೋನೆತ್ತಿದವಳು ನಾನು. ಆಕೆ ದನಿ ಏರಿಸಿದಳು, ನಾನೂ ಏರಿಸಿದೆ. ಸ್ವಲ್ಪ ಹೊತ್ತು ಹೀಗೆ ಜಗಳವಾಡಿದ ಮೇಲೆ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರೀತಿ ಹುಟ್ಟಿತು.

ಆಕೆಯ ಊರು ಸವದತ್ತಿಯಿಂದ ಕಟಕೋಳದ ಕಡೆಗೆ ಹೋಗುವ ದಾರಿಯಲ್ಲಿದೆ. ಹೆಸರು ಬೇಡ, ಯಾಕೆ ಬೇಡ ಎಂಬುದು ಮುಂದೆ ತಿಳಿಯುತ್ತದೆ. ದಲಿತರ ಕೇರಿಯ ಆಕೆ ಅಕ್ಕಪಕ್ಕದ ಹೆಂಗಸರನ್ನು ಕಟ್ಟಿಕೊಂಡು ಬಹಳ ದಿನ ಕೆಡದ ಗರಿಗರಿ ಕಟಕ ರೊಟ್ಟಿ ಮಾಡಿ ರಾಮದುರ್ಗದ ಒಂದು ವಿದ್ಯಾರ್ಥಿನಿಲಯಕ್ಕೆ ಕಳಿಸುತ್ತಿದ್ದಳು. ಹೊಲಗಳ ಕೂಲಿ ಬಿಟ್ಟು, ಸ್ವಂತ ಒಲೆಯ ಮುಂದೆ ಕೂತು ಗಳಿಸುವ ಮೊದಲ ಕೆಲಸ ಅದು. ಕೇರಿಯವರು ಮೊದಲಿನಿಂದ ನುಂಗಿಕೊಂಡು ಬಂದಿದ್ದ ಉಸುಕಿನ ಕಾರಣಕ್ಕೆ ಈಗ ರೊಟ್ಟಿಯ ಗಂಟುಗಳು ವಾಪಸು ಬರತೊಡಗಿದ್ದವು. ಅಲ್ಲಿಯ ಮೇಲ್ವಿಚಾರಕಿ ಒಳ್ಳೆಯವಳೇ. ತಿಂಗಳು ಮುಗಿಯುವವರೆಗೆ ನೋಡುತ್ತೇನೆ, ಆಮೇಲೂ ಹೀಗೇ ಆದರೆ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ಸಮಾಧಾನದಿಂದಲೇ ಹೇಳಿದ್ದಳು. ಕೆಲಸ ಹೋಗುವುದಕ್ಕಿಂತ ಹೆಚ್ಚು ಈಕೆಯನ್ನು ಸುಡುತ್ತಿದ್ದದ್ದು ಊರಿನವರ ಮಾತು. ಕೇರಿಯವರಿಗೆ ಕಾಳು ಹಸನು ಮಾಡುವುದೇ ಗೊತ್ತಿಲ್ಲ, ಇವರಿಗೆ ಯಾಕೆ ಬೇಕಿತ್ತು ರೊಟ್ಟಿಯ ವ್ಯಾಪಾರ ಎಂದು ಬಾವಿಕಟ್ಟೆಯ ಹತ್ತಿರ ಆಡಿಕೊಳ್ಳುತ್ತಿದ್ದರು.

ನಮ್ಮ ಕೇಂದ್ರದ ಮುಖ್ಯಸ್ಥರು ಧಾರವಾಡ ಸೀಮೆಯ ನಿಧಾನಸ್ಥರು. ಗಾಳಿ ಬಂತೆಂದರೆ ಅದಕ್ಕೂ ಕಿಟಕಿಯ ಸಾಕ್ಷಿ ಕೇಳುವವರು. ನಾನು ರೊಟ್ಟಿಯ ಉಸುಕಿನ ಬೆನ್ನು ಹತ್ತಿ ಹೋಗುತ್ತೇನೆ ಎಂದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅದು ಅವರು ಬೇಡ ಎನ್ನುವ ರೀತಿ.

"ಮೊಸರಾಗ ಕಲ್ಲು ಹುಡುಕಾಕ ಹೊಂಟೀರಲ್ರಿ" ಎಂದರು.

"ಮೊಸರಾಗ ಅಲ್ರಿ ಸರ್, ರೊಟ್ಟ್ಯಾಗ" ಎಂದು ಹೇಳಿ ನಾನು ಬಸ್ಸಿಗೆ ಹೋದೆ.

ಆಕೆಯ ಮನೆ ಕನ್ನಡಿಯಂತೆ ಸಾರಿಸಿ ಇಟ್ಟ ಮನೆ. ಹೋದ ಕೂಡಲೇ ತಾಟಿಗೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಹಾಕಿ ಎದುರಿಗೆ ಕೂತು ನನ್ನ ಬಾಯನ್ನೇ ನೋಡತೊಡಗಿದಳು. ನಾನು ಮೈಕನ್ನು ಗಲ್ಲದ ಹತ್ತಿರ ಹಿಡಿದುಕೊಂಡು ಅಗಿದೆ. ಕರಕ್ ಎಂದಿತು. ಹಲ್ಲಿನ ಬುಡದಿಂದ ನೆತ್ತಿಯವರೆಗೆ ಜುಮ್ಮೆಂದಿತು.

"ಬಂತಿಲ್ರಿ?" ಎಂದಳು.

ಬಂತು ಎಂದೆ. ಆಕೆಯ ಮುಖ ಸಣ್ಣದಾಯಿತು. ಅಷ್ಟು ಜೋರು ಬಾಯಿಯ ಹೆಂಗಸು ತಲೆ ತಗ್ಗಿಸಿದ್ದನ್ನು ನೋಡಿ ನನಗೆ ಸಂಕಟವಾಯಿತು. ನಾನು ತಿನ್ನುವುದು ನಿಲ್ಲಿಸಲಿಲ್ಲ.

ನನಗೆ ಮೊದಲು ಸಂಶಯ ಬಂದದ್ದು ರಾಶಿಯ ಮೇಲೆ. ಈಗ ಕಣ ಮಾಡುವವರು ಕಡಿಮೆ, ತೆನೆ ತಂದು ಡಾಂಬರು ರಸ್ತೆಯ ಮೇಲೆ ಹರವುತ್ತಾರೆ, ಬಸ್ಸು ಲಾರಿಗಳೇ ಎತ್ತುಗಳು. ರಸ್ತೆಯ ಉಸುಕು ಕಾಳಿನೊಳಗೆ ಸೇರಿರಬೇಕು ಎಂದುಕೊಂಡೆ. ಆಕೆ ಜೋಳದ ಚೀಲ ಬಿಚ್ಚಿ ನನ್ನ ಮುಂದೆ ಸುರಿದಳು. ಹಿಡಿ ಹಿಡಿ ತೆಗೆದು ಬಾಯಿಗೆ ಹಾಕಿಕೊಂಡೆ, ಒಂದು ಹರಳೂ ಇಲ್ಲ. ಅದೇ ಜೋಳವನ್ನು ಮೂಲೆಯಲ್ಲಿದ್ದ ಹಳೆಯ ಬೀಸುಕಲ್ಲಿನಲ್ಲಿ ಬೀಸಿಸಿ, ರೊಟ್ಟಿ ಬಡಿಸಿ ತಿಂದೆ. ಬೆಣ್ಣೆಯಂಥ ರೊಟ್ಟಿ. ಹಾಗಾದರೆ ಉಸುಕು ಸೇರುವುದು ಗಿರಣಿಯಲ್ಲಿಯೇ. ಊರಿಗೆ ಇದ್ದದ್ದು ಒಂದೇ ಹಿಟ್ಟಿನ ಗಿರಣಿ. ಹಾಗೆಂದಾಗ ಆಕೆ ತಲೆ ಅಲ್ಲಾಡಿಸಿದಳು. ಗಿರಣಿ ಕೆಟ್ಟಿದ್ದರೆ ಊರಿಗೆಲ್ಲ ಉಸುಕು ಬರಬೇಕಿತ್ತಲ್ಲ, ಮೇಲಿನ ಓಣಿಯವರ ಹಿಟ್ಟು ಮಲ್ಲಿಗೆಯಂತೆ ಇರುತ್ತದೆ, ದೋಷ ತನ್ನದೇ ಇರಬೇಕು ಎಂದಳು. ಜರಡಿ ಬದಲಿಸಿದ್ದಳು. ಜೋಳ ತೊಳೆದು ಒಣಗಿಸಿ ಒಯ್ದಿದ್ದಳು. ಜರಡಿ ಹಿಡಿಯಲು ಬರುವುದಿಲ್ಲವೆಂದು ಸೊಸೆಯನ್ನು ದಿನಾ ಬೈದು ಅಳಿಸುತ್ತಿದ್ದಳು. ಒಮ್ಮೆ ಚೀಲ ಹೊತ್ತು ಬಸ್ಸಿನಲ್ಲಿ ಸವದತ್ತಿಗೆ ಹೋಗಿ ಬೀಸಿಸಿಕೊಂಡು ಬಂದಾಗ ಹಿಟ್ಟು ಚೆನ್ನಾಗಿತ್ತಂತೆ, ಆದರೆ ವಾರವಾರವೂ ಹಾಗೆ ಚೀಲ ಹೊತ್ತರೆ ರೊಟ್ಟಿ ಬಡಿಯಲು ರಟ್ಟೆ ಎಲ್ಲಿಂದ ತರಬೇಕು?

ಇನ್ನು ಊರಿನ ಮೇಲಿನ ಓಣಿಗಳಲ್ಲಿ ರೊಟ್ಟಿ ತಿನ್ನುವುದೊಂದು ಉಳಿದಿತ್ತು. ನಾನು ಹುಟ್ಟಿದ್ದು ಹೊಲಮನೆ ಇರುವ ಶೈವರ ಮನೆತನದಲ್ಲಿ. ಬೈಲಹೊಂಗಲದ ಇಂಥವರ ಮಗಳು ಎಂದರೆ ಆ ಓಣಿಗಳ ಬಾಗಿಲು ತಾವಾಗಿಯೇ ತೆರೆಯುತ್ತವೆ. ಕೂಡ್ರಿಸಿ, ನೀರು ಕೊಟ್ಟು, ಊಟ ಮಾಡದೆ ಬಿಡುವುದಿಲ್ಲ. ಒಂದೇ ದಿನ ಮನೆಯಿಂದ ಮನೆಗೆ ಹೋಗಿ ತಿಂದೆ. ತನಿಖೆಯ ಹೆಸರಿನಲ್ಲಿ ಅಷ್ಟು ರೊಟ್ಟಿ ತಿಂದ ಪತ್ರಕರ್ತೆ ನನ್ನ ಹೊರತು ಇನ್ನೊಬ್ಬಳಿರಲಾರಳು. ಎಲ್ಲಿಯೂ ಉಸುಕಿಲ್ಲ. ಅದೇ ಗಿರಣಿ, ಅದೇ ಕಲ್ಲು, ಅದೇ ಎರಿಹೊಲದ ಜೋಳ.

ಕೊನೆಯ ಮನೆಯಲ್ಲಿ ಒಬ್ಬ ಮುದುಕಿ ನನ್ನ ರೊಟ್ಟಿಯ ಮೇಲೆ ತುಪ್ಪ ಹಾಕುತ್ತ, ಇನ್ನೊಂದು ಹಾಕಿಸಿಕೋ ಎಂದು ಒತ್ತಾಯ ಮಾಡುತ್ತಿದ್ದಳು. ನಾನು ಹಿಟ್ಟನ್ನು ಹೊಗಳಿದೆ. ಯಾವ ದಿನ ಬೀಸಿಸುತ್ತೀರಿ ಎಂದು ಸುಮ್ಮನೆ ಕೇಳಿದೆ. ಯಾವಾಗಲಾದರೂ, ಸೋಮವಾರ ಒಂದು ಬಿಟ್ಟು ಎಂದಳು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಗಿರಣಿಗೂ ಅದೇ ನೇಮವಿರಬೇಕು ಎಂದುಕೊಂಡು ಕಾರಣ ಕೇಳಿದೆ.

"ಸೋಮವಾರ ಮುಂಜಾನೆ ಕಲ್ಲಿಗೆ ಟಾಕಿ ಹೊಡಿತಾರವಾ. ಅವತ್ತಿನ ಹಿಟ್ಟಿನಾಗ ಕಲ್ಲಿನ ಉಸುಕು ಬರತೈತಿ. ಮಧ್ಯಾಹ್ನ ಕೇರಿಯವರದು ಬೀಸಿ ಕಲ್ಲು ಹಸನಾದ ಮ್ಯಾಲೆ, ಮಂಗಳವಾರ ನಮ್ಮದು."

ಟಾಕಿ ಹೊಡೆಯುವುದೆಂದರೆ ಸವೆದು ನುಣುಪಾದ ಗಿರಣಿಯ ಕಲ್ಲಿಗೆ ಉಳಿಯಿಂದ ಹೊಸದಾಗಿ ಹಲ್ಲು ಕಟೆಯುವುದು. ಕಟೆದ ಮೇಲೆ ಕಲ್ಲಿನ ಪುಡಿ ಅದರ ಸಂದಿನಲ್ಲಿ ಕೂತಿರುತ್ತದೆ, ಮೊದಲು ಬೀಸಿದ ಕಾಳಿನ ಜೊತೆಗೆ ಹೊರಗೆ ಬರುತ್ತದೆ. ಬೇರೆ ಕಡೆ ಹೊಟ್ಟು ಬೀಸಿ ಕಲ್ಲನ್ನು ತೊಳೆಯುತ್ತಾರೆ. ಈ ಊರಿನಲ್ಲಿ ಕೇರಿಯ ಜೋಳದಿಂದ ತೊಳೆಯುತ್ತಿದ್ದರು. ಮುದುಕಿ ಇದನ್ನು ಮಳೆ ಬಂದರೆ ನೆಲ ಹಸಿಯಾಗುತ್ತದೆ ಎಂದಷ್ಟು ಸಲೀಸಾಗಿ ಹೇಳಿ, ನನ್ನ ತಾಟಿಗೆ ಮತ್ತೊಂದು ರೊಟ್ಟಿ ಹಾಕಿದಳು. ಆಕೆ ಕೆಟ್ಟವಳಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತಂದಿತು. ಇದನ್ನೇ ರೇಡಿಯೋಕ್ಕೆ ಹೇಳುತ್ತೀರಾ ಎಂದು ಮೈಕು ತೆಗೆದಾಗ ಮಾತ್ರ, ಅಯ್ಯ ನನಗೇನು ಗೊತ್ತು, ಗಂಡಸರನ್ನು ಕೇಳು ಎಂದು ಸೆರಗು ಬಾಯಿಗಿಟ್ಟುಕೊಂಡಳು.

ಇಡೀ ಮೇಲಿನ ಊರಿಗೆ ಗೊತ್ತಿದ್ದ ವಿಷಯ ಕೇರಿಗೆ ಗೊತ್ತಿರಲಿಲ್ಲ. ಯಾಕೆಂದರೆ ಕೇರಿಯ ಹೆಂಗಸರು ಗಿರಣಿಯ ಹೊಸ್ತಿಲು ದಾಟುವಂತಿರಲಿಲ್ಲ. ಅವರಿಗೆಂದು ಬಿಟ್ಟ ಸೋಮವಾರ ಮಧ್ಯಾಹ್ನ ಮಾತ್ರ ಬುಟ್ಟಿ ಹೊರಗಿಟ್ಟು, ಕರೆದಾಗ ಬಂದು ಹಿಟ್ಟು ತುಂಬಿಕೊಂಡು ಹೋಗಬೇಕು. ಒಳಗೆ ಮುಂಜಾನೆ ಏನು ನಡೆಯುತ್ತದೆ ಎಂದು ಅವರು ಎಂದೂ ನೋಡಿರಲಿಲ್ಲ.

ನಾನು ನೆಟ್ಟಗೆ ರೊಟ್ಟಿಯಾಕೆಯ ಮನೆಗೆ ಹೋಗಿ ಎಲ್ಲ ಹೇಳಿದೆ. ಆಕೆ ಒಲೆಯ ಮುಂದೆ ಇದ್ದಳು. ಬಡಿಯುತ್ತಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು, ಹಿಟ್ಟು ಹತ್ತಿದ ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಹಂಗಾರ ತಪ್ಪು ನನ್ನ ಕೈದಲ್ಲ" ಎಂದಳು.

ಆಮೇಲೆ ನಕ್ಕಳು. ನಿಜವಾಗಿಯೂ ನಕ್ಕಳು, ಬಾಯಿ ತುಂಬ. ಸೊಸೆಯನ್ನು ಕರೆದು ಮೈದಡವಿ, ನಿನ್ನದೂ ಅಲ್ಲ ಎಂದಳು. ಸಿಟ್ಟು ಆಮೇಲೆ ಬಂತು, ಬಂದ ಮೇಲೆ ನನ್ನ ಸಿಟ್ಟು ಅದರ ಮುಂದೆ ಏನೂ ಅಲ್ಲ ಎನ್ನಿಸಿತು. ಕೇರಿಯ ಹೆಂಗಸರೆಲ್ಲ ಸೇರಿದರು. ಇದನ್ನು ರೇಡಿಯೋದಲ್ಲಿ ಹಾಕಿದರೆ ಗಿರಣಿಯವನು ನಿಮ್ಮ ಕಾಳನ್ನು ಮುಟ್ಟಲಿಕ್ಕಿಲ್ಲ, ತಿಂಗಳ ಗಡುವು ಬೇರೆ ಇದೆ, ಇರುವ ಹಿಟ್ಟಿಗೂ ಸಂಚಕಾರ ಬರಬಹುದು ಎಂದು ನಾನು ಎಚ್ಚರಿಸಿದೆ. ಬಂದರೆ ಬೀಸುಕಲ್ಲು ಇದೆ, ರಟ್ಟೆ ಇದೆ, ಹಾಕಿರಿ ಎಂದರು. ನಮ್ಮ ಮಾತನ್ನೂ ರೆಕಾರ್ಡ್ ಮಾಡಿಕೊಳ್ಳಿರಿ ಎಂದು ಮೈಕಿನ ಮುಂದೆ ಒತ್ತಿ ಕೂತರು.

ಆದರೆ ನಮ್ಮ ಮುಖ್ಯಸ್ಥರಿಗೆ ಅಷ್ಟೇ ಸಾಲದು ಎಂದು ನನಗೆ ಗೊತ್ತಿತ್ತು. ಗಿರಣಿಯ ಸಾಹುಕಾರನ ಬಾಯಿಂದಲೇ ಬರಬೇಕು. ಮರುದಿನ ಅವನ ಹತ್ತಿರ ಹೋಗಿ, ರೇಡಿಯೋದಿಂದ ಬಂದಿದ್ದೇನೆ, ಗಿರಣಿಯ ಮೇಲೆ ಒಂದು ಕಾರ್ಯಕ್ರಮ ಮಾಡುತ್ತಿದ್ದೇನೆ ಎಂದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಅವನಿಗೆ ನನ್ನ ಮನೆತನ ತಿಳಿದದ್ದೇ ತಡ, ನೀವು ನಮ್ಮವರೇ ಎಂದು ಕುರ್ಚಿ ಒರೆಸಿ ಕೂಡ್ರಿಸಿದ. ಚಹಾ ಬಂತು. ಅವನು ಮಾಡಿದ ತಪ್ಪು ಅದೊಂದೇ. ನಮ್ಮವರ ಮುಂದೆ ಏನು ಹೇಳಿದರೂ ನಮ್ಮೊಳಗೇ ಉಳಿಯುತ್ತದೆ ಎಂದು ನಂಬಿಬಿಟ್ಟ. ನಮ್ಮ ಕಡೆಯ ದೊಡ್ಡ ಮನೆಗಳಲ್ಲಿ ತಲೆತಲಾಂತರದಿಂದ ಬಂದ ನಂಬಿಕೆ ಅದು.

ಗಿರಣಿ ಹೇಗೆ ನಡೆಯುತ್ತದೆ ಎಂದು ಕೇಳಿದೆ. ಅವನು ಪಟ್ಟೆ, ಮೋಟರು, ಕಲ್ಲು ಎಲ್ಲ ವಿವರಿಸಿದ. ಟಾಕಿ ಹೊಡೆಯುವುದರ ಬಗ್ಗೆ ಕೇಳಿದೆ. ಅಭಿಮಾನದಿಂದ ಎದೆ ಉಬ್ಬಿಸಿದ.

"ಟಾಕಿ ಹೊಡದ ಮ್ಯಾಲೆ ಮೊದಲನೇ ಹಿಟ್ಟು ನಮ್ಮ ಮನ್ಯಾಗ ಎಮ್ಮಿಗೂ ಹಾಕೂದಿಲ್ರಿ. ಉಸುಕಿರತೈತಿ, ಪಾಪ, ಅದರ ಹಲ್ಲು ಸವೀತಾವ."

ನಾನು ಮೈಕನ್ನು ಇನ್ನಷ್ಟು ಹತ್ತಿರ ಹಿಡಿದು, ನಿಮ್ಮ ಗಿರಣಿಗೆ ಎಲ್ಲ ಜನರೂ ಬರುತ್ತಾರೆಯೇ ಎಂದು ಕೇಳಿದೆ. ಅವನು ಅದಕ್ಕೇ ಕಾದಿದ್ದವನಂತೆ ಮುಂದಕ್ಕೆ ಬಾಗಿದ.

"ನಮ್ಮಲ್ಲಿ ಭೇದ ಭಾವ ಇಲ್ರಿ. ಸೋಮವಾರ ಕಲ್ಲು ಹೊಸದಾಗಿ ಟಾಕಿ ಹೊಡಸ್ತೇನಿ, ಅವತ್ತ ಮೊದಲನೇ ಸರದಿ ಕೇರಿಯವರಿಗೇ ಕೊಡತೇನಿ. ಹಂಗ ಮೊದಲ ಮಾನ ಯಾರು ಕೊಡತಾರ ಹೇಳ್ರಿ ನೋಡೋಣು."

ಎರಡು ಮಾತಿನ ನಡುವೆ ಕಪ್ಪಿನ ಚಹಾ ಆರುವಷ್ಟೂ ಹೊತ್ತಾಗಿರಲಿಲ್ಲ. ತಾನು ಹೇಳಿದ್ದು ತನಗೇ ಕೇಳಿಸಿರಲಿಲ್ಲ. ನಾನು ಖಾತ್ರಿಗೆಂದು, ಮೊದಲನೆಯ ಸರದಿ ಅವರಿಗೇ ಹೌದಲ್ಲ ಎಂದು ಮತ್ತೊಮ್ಮೆ ಕೇಳಿದೆ. ಹೌದು, ಅವರಿಗೇ ಎಂದ. ನಾಲಿಗೆಯ ತುದಿಯವರೆಗೆ ಬಂದದ್ದನ್ನೆಲ್ಲ ಚಹಾದ ಜೊತೆ ನುಂಗಿ ಎದ್ದು ಬಂದೆ. ನನ್ನ ಜೀವಮಾನದಲ್ಲಿ ನಾನು ಸಿಟ್ಟನ್ನು ಅಷ್ಟು ಚೆಂದ ಹಿಡಿದದ್ದು ಅದೇ ಮೊದಲು. ನಮ್ಮವ್ವ ನೋಡಬೇಕಿತ್ತು.

ಮುಖ್ಯಸ್ಥರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದರು. ಮೊದಲು ನಾನು ರೊಟ್ಟಿ ಅಗಿಯುವ ಸದ್ದು, ಉಸುಕು ಹಲ್ಲಿಗೆ ಸಿಕ್ಕು ಕರಕ್ ಎನ್ನುವುದು. ಆಮೇಲೆ ಸಾಹುಕಾರನ ಎಮ್ಮೆಯ ಮಾತು. ಅದರ ಹಿಂದೆಯೇ ಮೊದಲ ಮಾನದ ಮಾತು. ಕೊನೆಗೆ ಕೇರಿಯ ಹೆಂಗಸರ ಮಾತು. ನನ್ನ ಟೀಕೆ ಟಿಪ್ಪಣಿ ಒಂದೂ ಇಲ್ಲ. ಅವರು ಹೆಡ್‌ಫೋನ್ ತೆಗೆದಿಟ್ಟರು. ಕನ್ನಡಕ ಒರೆಸಿಕೊಳ್ಳಲಿಲ್ಲ. ಊರಿನ ಹೆಸರು ಬೇಡ, ಮನುಷ್ಯನ ಹೆಸರೂ ಬೇಡ, ಬಾಕಿ ಒಂದು ಅಕ್ಷರ ಕತ್ತರಿಸಬೇಡಿ ಎಂದರು. ನನಗೆ ಅವರನ್ನು ಅಪ್ಪಿಕೊಳ್ಳಬೇಕು ಎನ್ನಿಸಿತು, ಧಾರವಾಡದವರೆಂದು ಬಿಟ್ಟೆ.

ಊಟದ ಹೊತ್ತಿಗೆ ಪ್ರಸಾರವಾಯಿತು. ನಾಲ್ಕೂ ತಾಲೂಕುಗಳಲ್ಲಿ ಜನ ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಆ ಕರಕ್ ಸದ್ದು ಕೇಳಿದರು. ಕಿತ್ತೂರಿನ ಹೆದ್ದಾರಿ ಬದಿಯ ಖಾನಾವಳಿಯೊಂದರಲ್ಲಿ ಊಟಕ್ಕೆ ಕೂತಿದ್ದ ಲಾರಿ ಡ್ರೈವರೊಬ್ಬ ಫೋನ್ ಮಾಡಿ, ನನ್ನ ರೊಟ್ಟಿಯಲ್ಲೇ ಉಸುಕು ಬಂತೆಂದು ಉಗುಳಿಬಿಟ್ಟೆ ಎಂದ. ಸಂಜೆಯ ಹೊತ್ತಿಗೆ ಯಾರೋ ಆ ತುಣುಕನ್ನು ವಾಟ್ಸಾಪಿಗೆ ಹಾಕಿದ್ದರು. ಎಮ್ಮೆಯ ಮಾತು, ಮೊದಲ ಮಾನದ ಮಾತು, ಎರಡನ್ನೂ ಜನ ಬಾಯಿಪಾಠ ಮಾಡಿಬಿಟ್ಟರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆ ನಾನು ಎಷ್ಟೋ ಸಲ ಬಳಸಿದ್ದೇನೆ. ಅದನ್ನು ಕಣ್ಣಾರೆ ಕಂಡದ್ದು ಆ ವಾರ. ನಾವು ಯಾರ ಹೆಸರನ್ನೂ ಹೇಳಿರಲಿಲ್ಲ. ಆದರೂ ಒಬ್ಬರ ಹಿಂದೊಬ್ಬರು ಗಿರಣಿಯವರು ಫೋನ್ ಮಾಡಿ, ಅದು ನಮ್ಮ ಗಿರಣಿ ಅಲ್ಲ ಎಂದು ಸ್ಪಷ್ಟನೆ ಕೊಡತೊಡಗಿದರು. ಅಲ್ಲ ಎಂದಾದರೆ ಫೋನ್ ಯಾಕೆ ಮಾಡಿದಿರಿ ಎಂದು ಕೇಳುವ ಭಾಗ್ಯ ನನ್ನದಾಯಿತು. ಬೇರೆ ಬಗೆಯ ಕರೆಗಳೂ ಬಂದವು. ಬೇರೆ ಊರುಗಳ ಕೇರಿಗಳಿಂದ ಹೆಂಗಸರು ಮಾತನಾಡಿದರು. ಒಬ್ಬಾಕೆ, ನಮ್ಮೂರಲ್ಲಿ ಸೋಮವಾರ ಅಲ್ಲ, ಶುಕ್ರವಾರ ಎಂದಷ್ಟೇ ಹೇಳಿ ಫೋನಿಟ್ಟಳು. ಆ ಊರುಗಳ ಬೆನ್ನು ಹತ್ತಿ ನಾನು ಮನೆಯಲ್ಲಿ ನಿಲ್ಲಲೇ ಇಲ್ಲ.

ಸಾಹುಕಾರ ಕೇಂದ್ರಕ್ಕೇ ಬಂದ. ತಾನು ಒಳ್ಳೆಯದು ಹೇಳಿದ್ದನ್ನು ನಾನು ತಿರುಚಿದ್ದೇನೆ, ಕೋರ್ಟಿಗೆ ಹೋಗುತ್ತೇನೆ, ನಮ್ಮವರಾಗಿ ಹೀಗೆ ಮಾಡಿದಿರಲ್ಲ ಎಂದು ಕೂಗಾಡಿದ. ಮುಖ್ಯಸ್ಥರು ನಿಧಾನವಾಗಿ ಅವನನ್ನು ಕೂಡ್ರಿಸಿ, ಕತ್ತರಿಸದ ಪೂರ್ತಿ ಧ್ವನಿಯನ್ನು ಕೇಳಿಸಿದರು. ಚಹಾ ಹೀರುವುದೂ ಅದರಲ್ಲಿ ಇತ್ತು. ಎಮ್ಮೆಯ ಮಾತಿಗೆ ಅವನು ತಲೆದೂಗಿದ. ಮೊದಲ ಮಾನದ ಮಾತು ಬಂದಾಗ ತಲೆ ನಿಂತಿತು. ಮತ್ತೊಮ್ಮೆ ಹಾಕಿರಿ ಎಂದ. ಮತ್ತೊಮ್ಮೆ ಕೇಳಿ, ಟೋಪಿ ಕೈಯಲ್ಲಿ ಹಿಡಿದುಕೊಂಡು, ಹೊರಟುಹೋದ. ಅವನಿಗೆ ಪಶ್ಚಾತ್ತಾಪವಾಯಿತೋ ಅವಮಾನವಾಯಿತೋ ನನಗೆ ಗೊತ್ತಿಲ್ಲ. ನನಗೆ ಬೇಕಾಗಿದ್ದದ್ದು ಹಿಟ್ಟು.

ಸಾಹುಕಾರ ತಾನಾಗಿಯೇ ಬಂದು ಕೂಗಾಡಿದ ಮೇಲೆ ಊರು ಯಾವುದೆಂಬುದು ಗುಟ್ಟಾಗಿ ಉಳಿಯಲಿಲ್ಲ, ತಾಲೂಕಿನ ಅಧಿಕಾರಿಗಳು ಅಲ್ಲಿಗೆ ಬಂದರು. ಪಂಚಾಯ್ತಿಯ ಮುಂದೆ ಸಭೆ ಸೇರಿತು. ಕಾನೂನು ಇದಕ್ಕೆ ಏನೆನ್ನುತ್ತದೆ, ಏನು ಶಿಕ್ಷೆ ಕೊಡುತ್ತದೆ ಎಂದು ಅವರು ಓದಿ ಹೇಳಿದರು. ಟಾಕಿ ಹೊಡೆದ ಮೇಲೆ ಹೊಟ್ಟು ಬೀಸಿ ಕಲ್ಲು ತೊಳೆಯಬೇಕು, ವಾರದ ಎಲ್ಲ ದಿನ ಎಲ್ಲರೂ ಹೊಸ್ತಿಲ ಒಳಗೇ, ಬಂದವರ ಸಾಲಿನಲ್ಲೇ ನಿಲ್ಲಬೇಕು ಎಂದಾಯಿತು. ಪೊಲೀಸು ದೂರು ಕೊಡುತ್ತೀರಾ ಎಂದು ಅಧಿಕಾರಿ ಕೇಳಿದರು. ರೊಟ್ಟಿಯಾಕೆ ಎದ್ದು ನಿಂತು, ಮೊದಲು ಅವರು ಆಡಿದ ಮಾತು ನಡೆಸಲಿ, ದೂರು ಎಲ್ಲಿಗೂ ಓಡಿಹೋಗುವುದಿಲ್ಲ, ನಮ್ಮ ಕೈಯಲ್ಲೇ ಇರುತ್ತದೆ ಎಂದಳು. ಸಾಹುಕಾರ ಅವಳ ಕಡೆ ನೋಡಿದ. ಅವಳೂ ಅವನನ್ನು ನೋಡಿದಳು. ಮೊದಲು ಕಣ್ಣು ತಗ್ಗಿಸಿದವನು ಅವನು.

ಮೇಲ್ವಿಚಾರಕಿ ಕೊಟ್ಟ ತಿಂಗಳು ಮುಗಿಯಲು ಇನ್ನೂ ಕೆಲವು ದಿನ ಇದ್ದವು. ಗುರುವಾರ ಮುಂಜಾನೆ ಆಕೆ ಗಿರಣಿಗೆ ಹೋಗುತ್ತಾಳೆಂದು ತಿಳಿದು ನಾನೂ ಹೋದೆ. ಸಾಲಿತ್ತು. ಆಕೆ ಹಸಿರು ಸೀರೆ ಉಟ್ಟು, ಜೋಳದ ಬುಟ್ಟಿ ಹೊತ್ತು, ಸೊಸೆಯನ್ನು ಹಿಂದೆ ಕರೆದುಕೊಂಡು ಬಂದಳು. ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತಳು. ಆಮೇಲೆ ಬಲಗಾಲಿಟ್ಟು ಒಳಗೆ ಬಂದು, ಸಾಲಿನ ಕೊನೆಯಲ್ಲಿ ಬುಟ್ಟಿ ಇಳಿಸಿದಳು. ಸಾಲಿನಲ್ಲಿದ್ದ ಒಬ್ಬಿಬ್ಬರು ಸೆರಗು ಹತ್ತಿರ ಎಳೆದುಕೊಂಡರು. ಒಬ್ಬಾಕೆ ತನ್ನ ಬುಟ್ಟಿ ಸರಿಸಿ ಜಾಗ ಮಾಡಿದಳು.

ಸಾಹುಕಾರನಿಗೆ ನನ್ನ ಕೈಯಲ್ಲಿಯ ಮೈಕು ಕಂಡಿತು. ಅವನು ಬೆವರು ಒರೆಸಿಕೊಂಡು, ಸಾಲಿನ ಮೇಲಿಂದ ಕೈ ಮಾಡಿ ಆಕೆಯನ್ನು ಕರೆದ.

"ಬಾರವಾ, ನೀ ಮುಂದ ಬಾ. ಮೊದಲ ನಿಂದೇ ಹಾಕತೇನಿ."

ಸಾಲು ತಾನಾಗಿಯೇ ಬಿರಿದು ದಾರಿ ಬಿಟ್ಟಿತು. ಕರೆದದ್ದು ಅಂಜಿಕೆಯಿಂದಲೋ ಮರ್ಯಾದೆಯಿಂದಲೋ, ಎಲ್ಲರೂ ಆಕೆಯನ್ನು ನೋಡಿದರು. ಸೊಸೆ ಬುಟ್ಟಿ ಎತ್ತಲು ಬಗ್ಗಿದಳು. ಆಕೆ ಸೊಸೆಯ ಭುಜ ಹಿಡಿದು ನಿಲ್ಲಿಸಿದಳು.

"ಮೊದಲ ಬ್ಯಾಡ್ರಿ" ಎಂದಳು. "ಇಷ್ಟ ದಿನಾ ಮೊದಲನೇದು ನಾವ ತಿಂದೇವಿ. ಇವರದು ಆಗಲಿ, ನನ್ನ ಸರದಿ ಬಂದಾಗ ನಾ ಬರತೇನಿ."

ಸಾಹುಕಾರ ಕೈ ಇಳಿಸಿದ. ಬಿರಿದ ಸಾಲು ಮತ್ತೆ ಕೂಡಿತು, ಈ ಸಲ ಆಕೆಯನ್ನು ಒಳಗೆ ಇಟ್ಟುಕೊಂಡು. ಆಕೆ ನಿಂತಳು. ನಾನೂ ಪಕ್ಕಕ್ಕೆ ನಿಂತೆ. ಮುಂದಿನವರ ಜೋಳ ಒಂದೊಂದಾಗಿ ಬೀಸಿ ಮುಗಿಯಿತು, ಆಕೆಯ ಸರದಿ ಬಂತು, ಸಾಹುಕಾರ ಬಗ್ಗಿ ಆಕೆಯ ಬುಟ್ಟಿಯನ್ನು ತನ್ನ ಎರಡೂ ಕೈಯಿಂದ ಎತ್ತಿ ಗಿರಣಿಯ ಬಾಯಿಗೆ ಸುರಿದ.